1ನೇ ಮೇನ್‌ಗಳನ್ನೆಲ್ಲ ಒಂದು ಮಾಡಿದ ಮಹಾನುಭಾವನಿಗೆ

ಚಿ|| ಸ್ಕ್ರಿಪ್ಟ್ ಬರೆದ ಹುಡುಗನಿಗೆ ಅನೇಕ ಆಶೀರ್ವಾದಗಳು.

ಮೊದಲು ಅಭಿನಂದನೆ ಸ್ವೀಕರಿಸಪ್ಪ. 2025ರಲ್ಲಿ ಸರ್ಕಾರ ಬೆಂಗಳೂರಿನ ಪಾಲಿಕೆಯನ್ನು ಐದು ಹೋಳು ಮಾಡಿತು. ನೀನೋ, ಇಪ್ಪತ್ತೇ ಸಾಲಿನ ಪೈಥಾನ್ ಸ್ಕ್ರಿಪ್ಟ್ ಬರೆದು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರ ನಾಲ್ಕನ್ನೂ ತಂದು ಒಂದೇ ರಸ್ತೆಯಲ್ಲಿ ನಿಲ್ಲಿಸಿದೆ. ಆ ರಸ್ತೆಯ ಹೆಸರು 1ನೇ ಮೇನ್.

ಓದುಗರಿಗೂ ವಿಷಯ ತಿಳಿಯಲಿ. ನಮ್ಮ ಸಂಘದ ರಾಜ್ಯೋತ್ಸವ ಸ್ಮರಣ ಸಂಚಿಕೆಗೆ ಪಶ್ಚಿಮ ಬೆಂಗಳೂರಿನ ಹಳೇ ಮನೆಗಳ ಫೋಟೊ ಬೇಕಿತ್ತು. ಸದಸ್ಯರು ಬಿಸಿಲಲ್ಲಿ ಅಲೆದು ತೆಗೆದು ತಂದರು. ಯಾವ ಫೋಟೊ ಯಾವ ಮನೆಯದು ಎಂದು ಒಂದು ಎಕ್ಸೆಲ್ ಶೀಟಿನಲ್ಲಿ ತುಂಬಿದರು: ಬಡಾವಣೆ, ಬ್ಲಾಕು, ರಸ್ತೆ, ಮನೆ ನಂಬರು. ಆಗ ನೀನು ಬಂದು, ‘ಕ್ಯಾಮೆರಾ ಇಟ್ಟ ಈ ಡಿಎಸ್‌ಸಿ ಗಿಎಸ್‌ಸಿ ಹೆಸರೆಲ್ಲ ಯಾರಿಗೆ ಅರ್ಥ ಆಗುತ್ತೆ ಅಂಕಲ್? ಒಂದು ಲೂಪ್ ಹಾಕಿ ಎಲ್ಲ ಫೋಟೊಗೂ ರಸ್ತೆ ಹೆಸರಿಟ್ಟು ಸೇವ್ ಮಾಡ್ತೀನಿ’ ಅಂದೆ. ನುಡಿದಂತೆ ನಡೆದೆ. ವೇರಿಯಬಲ್‌ನಲ್ಲಿ ರಸ್ತೆಯ ಹೆಸರು, ಅದರ ಬಾಲಕ್ಕೆ ಡಾಟ್ ಜೆಪಿಜಿ. ಕೆಲಸ ಮುಗಿಯಿತು, ಕಾಫಿಯೂ ಆಯಿತು.

ಆದರೆ ನಮ್ಮ ಕಡೆ 1ನೇ ಮೇನ್ ಅನ್ನುವವು ಎಷ್ಟಿವೆ ಗೊತ್ತೇನಯ್ಯ? ರಾಜಾಜಿನಗರವೊಂದರಲ್ಲೇ ಆರು ಬ್ಲಾಕು. ಎಣಿಕೆ ಬಡಾವಣೆ ಬಡಾವಣೆಗೂ ಮೊದಲಿನಿಂದ ಶುರುವಾಗುತ್ತದೆ. 1ನೇ ಮೇನ್ ಎಲ್ಲಿ ಎಂದು ಆಟೊದವನನ್ನು ಕೇಳಿದರೆ, ‘ಯಾವ ಬ್ಲಾಕು ಸಾರ್?’ ಎಂದು ತಿರುಗಿ ಕೇಳುತ್ತಾನೆ. ನಿನ್ನ ಸ್ಕ್ರಿಪ್ಟ್ ಕೇಳಲಿಲ್ಲ. ಮೊದಲನೆಯ ಫೋಟೊ ಬರೆಯಿತು, ಅದೇ ಹೆಸರಿನ ಎರಡನೆಯದು ಬಂದಾಗ ಅದರ ಮೇಲೇ ಬರೆಯಿತು, ಮೂರನೆಯದು ಬಂದಾಗ ಅದರ ಮೇಲೂ. ಪಿಲ್ಲೊ ಲೈಬ್ರರಿಯ ಸೇವ್ ಆಗಲಿ, ಮ್ಯಾಟ್‌ಪ್ಲಾಟ್‌ಲಿಬ್‌ನ ಸೇವ್‌ಫಿಗ್ ಆಗಲಿ, ಓಪನ್‌ಸಿವಿಯ ಇಮ್‌ರೈಟ್ ಆಗಲಿ, ಅದೇ ಹೆಸರಿನ ಕಡತ ಇದ್ದರೆ ಕೇಳದೆ ಹೇಳದೆ ಅಳಿಸಿ ಬರೆಯುತ್ತವೆ. ಶೀಟಿನಲ್ಲಿ ಕೆಂಗೇರಿ ಕೊನೆಗಿತ್ತು, ಆದ್ದರಿಂದ ಕೆಂಗೇರಿ ಗೆದ್ದಿತು.

ಸಂಚಿಕೆಯ ಕರಡು ಪುಟ ನನ್ನ ಮುಂದಿದೆ. ಚಿತ್ರದ ಕೆಳಗಿನ ಬರಹ: ‘ರಾಜಾಜಿನಗರ 1ನೇ ಬ್ಲಾಕು. ಮಂಗಳೂರು ಹೆಂಚು, ರೆಡ್ ಆಕ್ಸೈಡ್ ಜಗಲಿ, ಮುಂದೆ ಪಾರಿಜಾತ.’ ಮೇಲಿನ ಚಿತ್ರ: ಹಳೇ ಮನೆ ಕೆಡವಿದ ಜಾಗ ಎಂದು ತೋರಿಸಲು ಕೆಂಗೇರಿಯಲ್ಲಿ ತೆಗೆದ ಮೂರಂತಸ್ತಿನ ಹೊಸ ಕಟ್ಟಡ. ಸ್ಟೀಲ್ ಗೇಟು, ಗೇಟಿಗೆ ಟು-ಲೆಟ್ ಬೋರ್ಡು, ಪಕ್ಕದಲ್ಲಿ ‘ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ’. ಪಾರಿಜಾತ ಹುಡುಕಿದೆ. ನೀರಿನ ಟ್ಯಾಂಕ್ ಸಿಕ್ಕಿತು.

ನಾವು ಗೊಣಗಿದೆವು. ನೀನು ಉದಾರಿ, ‘ಸರಿ ಅಂಕಲ್, ಮನೆ ನಂಬರೂ ಸೇರಿಸ್ತೀನಿ’ ಅಂದೆ. ಬೆಂಗಳೂರಿನ ಮನೆ ನಂಬರು! 45/2, 4/52. ಕಡತದ ಹೆಸರಿನಲ್ಲಿ ಓರೆಗೆರೆ ಇದ್ದರೆ ಕಂಪ್ಯೂಟರ್ ಅದನ್ನು ಫೋಲ್ಡರಿನ ದಾರಿ ಎಂದುಕೊಳ್ಳುತ್ತದೆ: 45 ಎಂಬ ಫೋಲ್ಡರ್, ಅದರೊಳಗೆ 2 ಎಂಬ ಚಿತ್ರ. ಅಂಥ ಫೋಲ್ಡರ್ ಇಲ್ಲದಿದ್ದರೆ ಪಿಲ್ಲೊ ಕೂಗಿಕೊಳ್ಳುತ್ತದೆ. ಓಪನ್‌ಸಿವಿಗೆ ಅಷ್ಟೂ ಸ್ವರವಿಲ್ಲ, ‘ಫಾಲ್ಸ್’ ಎಂದು ಹಿಂತಿರುಗಿಸಿ ಸುಮ್ಮನಾಗುತ್ತದೆ. ಆ ಕೂಗು ಕೇಳಿ ನೀನು ಮಾಡಿದ್ದೇನು? ಓರೆಗೆರೆಯನ್ನೇ ಕಿತ್ತು ಹಾಕಿದೆ. 45/2 ಈಗ 452. 4/52 ಕೂಡ 452. ಕಂದಾಯ ಕಟ್ಟುವ ಎರಡು ಮನೆಗಳನ್ನು ಒಂದು ಮಾಡುವ ಅಧಿಕಾರ ತಹಶೀಲ್ದಾರರಿಗೂ ಇಲ್ಲ ಕಣಪ್ಪ. ಆ ಜಾಗದಲ್ಲೊಂದು ಅಡ್ಡಗೆರೆ ಇಟ್ಟಿದ್ದರೆ ಸಾಕಿತ್ತು.

ಅಡ್ಡರಸ್ತೆಗಳ ಕತೆ ಇನ್ನೂ ಸೊಗಸು. ಹೆಸರಿನ ಪ್ರಕಾರ ಜೋಡಿಸು ಎಂದರೆ ನಿನ್ನ ಸ್ಕ್ರಿಪ್ಟ್ 10ನೇ ಕ್ರಾಸನ್ನು ಮೊದಲು ತಂದಿತು, 19ರವರೆಗೆ ಹೋಯಿತು, ಆಮೇಲೆ 1ನೇ ಕ್ರಾಸ್, ಅನಂತರ 20, ಅದೂ ಮುಗಿದ ಮೇಲೆ 2. ಅದು ಸಂಖ್ಯೆ ಓದುವುದಿಲ್ಲ, ಒಂದೊಂದೇ ಚಿಹ್ನೆ ಹೋಲಿಸುತ್ತದೆ. ಅಂಕೆ ಸೊನ್ನೆಯ ಸಂಕೇತ ‘ನ’ ಅಕ್ಷರದ್ದಕ್ಕಿಂತ ಚಿಕ್ಕದು. 001, 002 ಎಂದು ಸೊನ್ನೆ ತುಂಬಿಸಿ ಬರೆಯುವುದು ಎಫ್-ಸ್ಟ್ರಿಂಗ್‌ನಲ್ಲಿ ನಾಲ್ಕಕ್ಷರದ ಕೆಲಸ. ಎಫ್-ಸ್ಟ್ರಿಂಗ್ ಪೈಥಾನ್ 3.6ರ ಜೊತೆ 2016ರಲ್ಲೇ ಬಂದಿದೆ.

ಬಡಾವಣೆಗೊಂದು ಫೋಲ್ಡರ್ ಮಾಡಲು ಹೋದಾಗ ಬಸವೇಶ್ವರನಗರದವರಿಗೆ ಮಾತ್ರ ಎರಡು ಫೋಲ್ಡರ್ ಕೊಟ್ಟೆ, ಎರಡಕ್ಕೂ ಕಣ್ಣಿಗೆ ಒಂದೇ ಹೆಸರು! ಅದರಲ್ಲಿ ನಿನ್ನ ಪಾಲು ಅರ್ಧ, ಯುನಿಕೋಡಿನ ಪಾಲು ಅರ್ಧ. ‘ವೇ’ಯ ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘದ ಕೊಂಡಿ ಎಂದು ಎರಡಾಗಿ ಒಡೆದೂ ಬರೆಯಬಹುದು. ಹಳೆಯ ಮ್ಯಾಕ್ ಕಂಪ್ಯೂಟರುಗಳು ಕಡತದ ಹೆಸರನ್ನು ಒಡೆದೇ ಇಡುತ್ತಿದ್ದವು. ಹೆಸರನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಸ್ ಎಂಬ ಫಂಕ್ಷನ್ ಪೈಥಾನಿನಲ್ಲೇ ಇದೆ, ಕರೆಯುವವರಿಲ್ಲ.

ಇನ್ನು ಸಂಚಿಕೆಯ ದಾನಿಗಳ ಭಾವಚಿತ್ರ, ಕಡತಕ್ಕೆ ಅವರವರ ಹೆಸರೇ. ಲಿನಕ್ಸ್‌ನ ಇಎಕ್ಸ್‌ಟಿ4 ಕಡತ ವ್ಯವಸ್ಥೆ ಒಂದು ಹೆಸರಿಗೆ 255 ಬೈಟ್ ಕೊಡುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್, ಒಟ್ಟು 85 ಚಿಹ್ನೆ, ಒತ್ತು ದೀರ್ಘ ಎಲ್ಲ ಸೇರಿ. ನಮ್ಮ ಅಧ್ಯಕ್ಷರ ಬಿರುದಾವಳಿ ಅವರ ಹೆಸರು ಬರುವ ಮೊದಲೇ ಅದನ್ನು ದಾಟುತ್ತದೆ. ಈ ಮಿತಿಯನ್ನು ದೋಷ ಎನ್ನಲು ನನಗೆ ಮನಸ್ಸಿಲ್ಲ.

ನಿನಗೆ ಒಬ್ಬ ಗುರುವನ್ನು ತೋರಿಸುತ್ತೇನೆ: ನಮ್ಮ ಪೋಸ್ಟ್‌ಮ್ಯಾನ್. ಒಂದೇ ಹೆಸರಿನ ಊರು ಹಲವು, ಒಂದೇ ಊರಿಗೆ ಕಾಗುಣಿತ ಹಲವು ಎಂಬ ನಿನ್ನ ತಾಪತ್ರಯವೇ ಅಂಚೆಯವರದ್ದೂ ಆಗಿತ್ತು. ಅದಕ್ಕೇ ಅವರು 1972ರ ಆಗಸ್ಟ್ 15ರಂದು ಪಿನ್‌ಕೋಡ್ ತಂದರು. ಮೈಸೂರಿನಲ್ಲೂ ಒಂದು ವಿಜಯನಗರ ಇದೆ, ಹೊಸಪೇಟೆಯ ಜಿಲ್ಲೆಗೂ ಅದೇ ಹೆಸರು, ಆದರೆ 560040 ನಮ್ಮದೊಂದೇ. ರಾಜಾಜಿನಗರ 560010, ಬಸವೇಶ್ವರನಗರ 560079, ಕೆಂಗೇರಿ 560060. ಕಡತದ ಹೆಸರಿನಲ್ಲಿ ಮೊದಲು ಪಿನ್‌ಕೋಡ್, ಆಮೇಲೆ ಬ್ಲಾಕು, ಮೇನು, ಕ್ರಾಸು, ಮನೆ ನಂಬರು, ಕೊನೆಗೆ ಮೂರಂಕಿಯ ಕ್ರಮಸಂಖ್ಯೆ. ಹೆಸರು ಉದ್ದವಾಯಿತು ಅನ್ನಬೇಡ, ಬೆಂಗಳೂರಿನ ವಿಳಾಸ ಎಂದಾದರೂ ಗಿಡ್ಡ ಇತ್ತೇ? ಜೊತೆಗೆ ಕಡತವನ್ನು ‘ಎಕ್ಸ್‌ಬಿ’ ಮೋಡಿನಲ್ಲಿ ತೆರೆ. ಅದೇ ಹೆಸರಿನದು ಮೊದಲೇ ಇದ್ದರೆ ಪೈಥಾನ್ ಮುಟ್ಟದೆ ತಕರಾರು ತೆಗೆಯುತ್ತದೆ.

ಡಿಎಸ್‌ಸಿ_0417 ನೋಡಲು ಚೆಂದವಿರಲಿಲ್ಲ, ನಿಜ. ಆದರೆ ಕ್ಯಾಮೆರಾ ಒಂದನ್ನು ಇನ್ನೊಂದರ ಮೇಲೆ ಬರೆಯುತ್ತಿರಲಿಲ್ಲ. ಡ್ರೈವ್ ತುಂಬಿದೆ ಎಂದು ಆ ಮೂಲ ಫೋಟೊಗಳನ್ನೂ ನೀನು ಅಳಿಸಿದ ಸೇವೆಯನ್ನು ಸಂಘದ ಮಹಾಸಭೆಯಲ್ಲಿ ಸ್ಮರಿಸಲಾಗುವುದು.

ಇತಿ ನಿನ್ನ ಹಿತೈಷಿ,
ಸ್ಮರಣ ಸಂಚಿಕೆಯ ಸಂಪಾದಕ

ವಿ.ಸೂ.: ಫೋಟೊ ತೆಗೆದ ಸದಸ್ಯರಲ್ಲಿ ವಿನಂತಿ. ಮೂಲ ಚಿತ್ರಗಳು ನಿಮ್ಮ ಕ್ಯಾಮೆರಾದಲ್ಲೋ ಮೊಬೈಲಿನಲ್ಲೋ ಇನ್ನೂ ಇದ್ದರೆ ದಯವಿಟ್ಟು ಅಳಿಸಬೇಡಿ, ಮತ್ತೊಮ್ಮೆ ಕಳಿಸಿ. ಹೆಸರು ಬದಲಾಯಿಸದೆ, ಇದ್ದ ಹಾಗೇ ಕಳಿಸಿ.