ಐದು ಗಂಟೆಯ ಮೇಲೆ ಆನಂದ್

ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟಿರುವ ನನ್ನ ಗೆಳೆಯ ಚೆಸ್‌ನಲ್ಲಿ ಮೋಸ ಮಾಡುತ್ತಾನೆಂಬುದು ಹೊಸ ಸಂಗತಿಯೇನಲ್ಲ. ಕೋಲಾರದಲ್ಲಿ ಓದುತ್ತಿದ್ದಾಗಲೇ ಕಾಫಿ ಲೋಟ ಇಡುವ ನೆಪದಲ್ಲಿ ಕಾಲಾಳನ್ನು ಒಂದು ಮನೆ ಮುಂದಕ್ಕೆ ತಳ್ಳುತ್ತಿದ್ದ. ಸಿಕ್ಕಿಬಿದ್ದರೆ ಕನ್ನಡ ಬಿಟ್ಟು ತೆಲುಗಿಗಿಳಿದು ಜಗಳ ತೆಗೆಯುತ್ತಿದ್ದ. ಆ ಕಳ್ಳತನದಲ್ಲೊಂದು ಕೈಚಳಕವಿತ್ತು; ನೋಡಿಯೂ ನೋಡದಂತಿರಲು ನನಗೇನೂ ಬೇಸರವಿರಲಿಲ್ಲ.

ಈಗ ಆಟ ಮೊಬೈಲಿಗೆ ಬಂದಿದೆ. ಮಾವಿನ ಸೀಸನ್ ಮುಗಿದ ಮೇಲೆ ಅವನಿಗೂ ಪುರುಸೊತ್ತು. ಆದರೆ ಹಲಗೆಯ ಮೇಲೆ ಹದಿನೈದು ನಡೆಯೊಳಗೆ ಮಂತ್ರಿಯನ್ನು ಬಲಿ ಕೊಡುತ್ತಿದ್ದವನು ಇದ್ದಕ್ಕಿದ್ದಂತೆ ನನ್ನ ಎರಡು ಆನೆಗಳನ್ನೂ ಕಟ್ಟಿಹಾಕಿ ಉಸಿರು ಹಿಂಡತೊಡಗಿದ. ಅವನ ತಪ್ಪುಗಳೆಲ್ಲ ನನಗೆ ಮೂವತ್ತು ವರ್ಷದ ಪರಿಚಯ. ಈಗ ಆಡುತ್ತಿರುವವನು ಯಾರೋ ಗೊತ್ತಿಲ್ಲ.

ಅನುಮಾನಕ್ಕೆ ಆಧಾರ ಬೇಕಲ್ಲ? 1997ರಲ್ಲಿ ಕಾಸ್ಪರೋವ್‌ರನ್ನು ಸೋಲಿಸಲು ಐಬಿಎಂನವರಿಗೆ ಡೀಪ್ ಬ್ಲೂ ಎಂಬ ದೈತ್ಯ ಯಂತ್ರವೇ ಬೇಕಾಗಿತ್ತು. ಇವತ್ತು ಸ್ಟಾಕ್‌ಫಿಶ್ ಎಂಬ ಚೆಸ್ ತಂತ್ರಾಂಶ ಹಾಕಿಕೊಂಡ ಸಾಧಾರಣ ಫೋನೇ ವಿಶ್ವ ಚಾಂಪಿಯನ್ನರನ್ನು ಮಣಿಸುತ್ತದೆ. ಯಂತ್ರ ನೋಡಿ ಆಡುವವರನ್ನು ಹಿಡಿಯಲು ನಡೆಗೆ ತೆಗೆದುಕೊಂಡ ಸಮಯವನ್ನೂ ನೋಡುತ್ತಾರಂತೆ: ಕಣ್ಣೆದುರಿನ ಕುದುರೆ ಹೊಡೆಯಲೂ ಎಂಟು ಸೆಕೆಂಡ್, ತಲೆ ಕೆಡಿಸುವ ನಡೆಗೂ ಎಂಟು ಸೆಕೆಂಡ್ ಎಂದರೆ ಏನೋ ಎಡವಟ್ಟಿದೆ. ನಾನೂ ಗಡಿಯಾರ ಹಿಡಿದು ಕೂತೆ. ನನ್ನ ಹೆಂಡತಿ ಇದನ್ನು ಸ್ನೇಹ ಎನ್ನಲು ಒಪ್ಪಲಿಲ್ಲ.

ದೊಡ್ಡವರೂ ಈ ಕೆಲಸ ಮಾಡಿದ್ದಾರೆ. 2021ರ ಜೂನ್‌ನಲ್ಲಿ ಕೋವಿಡ್ ಪರಿಹಾರಕ್ಕೆ ಹಣ ಕೂಡಿಸಲೆಂದು ವಿಶ್ವನಾಥನ್ ಆನಂದ್ ಗಣ್ಯರೊಂದಿಗೆ ಆನ್‌ಲೈನಿನಲ್ಲಿ ಆಡಿದರು. ನಮ್ಮ ಸುದೀಪ್ ಸೋತರು, ಆಮೀರ್ ಖಾನ್ ಸೋತರು. ಬೆಂಗಳೂರಿನ ಜೆರೋಧಾದ ನಿಖಿಲ್ ಕಾಮತ್ ಗೆದ್ದೇಬಿಟ್ಟರು! ಐದು ಬಾರಿಯ ವಿಶ್ವ ಚಾಂಪಿಯನ್ ಸೋತರೆ ಯಾರು ನಂಬುತ್ತಾರೆ? ಆಟ ವಿಶ್ಲೇಷಿಸುತ್ತಿದ್ದವರ ನೆರವೂ ಇತ್ತು, ಕಂಪ್ಯೂಟರಿನ ನೆರವೂ ಇತ್ತು ಎಂದು ಮರುದಿನ ಕಾಮತ್ ಅವರೇ ಒಪ್ಪಿಕೊಂಡರು. ತಾನು ಹಲಗೆಯ ಮೇಲಿದ್ದುದನ್ನಷ್ಟೇ ಆಡಿದೆ, ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದೆ ಎಂದರು ಆನಂದ್. ಎಷ್ಟು ಮೃದುವಾದ ಏಟು! ನನಗೆ ಅಷ್ಟು ಸಂಯಮವಿಲ್ಲ.

ಮುಳಬಾಗಿಲಿನ ಹತ್ತಿರ ಕುರುಡುಮಲೆಯಲ್ಲಿ ದೊಡ್ಡ ಗಣಪತಿ ಇದ್ದಾನೆ. ಚುನಾವಣೆ ಬಂದರೆ ರಾಜಕಾರಣಿಗಳು ಅವನಿಗೆ ಕೈಮುಗಿದೇ ಪ್ರಚಾರಕ್ಕೆ ಹೊರಡುತ್ತಾರೆ. ಗೆಳೆಯನನ್ನೂ ಅಲ್ಲಿಗೆ ಕರೆದೊಯ್ದು ಪ್ರಮಾಣ ಮಾಡಿಸೋಣವೆಂದುಕೊಂಡೆ. ಆದರೆ ಆನೆಮೊಗದವನ ಮುಂದೆ ಆನೆ ಕಳೆದುಕೊಂಡ ಪಂಚಾಯ್ತಿ ಹೂಡಿದರೆ ಅವನು ಯಾರ ಪಕ್ಷ ವಹಿಸುತ್ತಾನೋ! ಬಿಟ್ಟೆ.

ಆಮೇಲೆ ಹಳೆಯ ಆಟಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಮಧ್ಯಾಹ್ನದ ಆಟಗಳಲ್ಲಿ ಮಂತ್ರಿ ಯಥಾಪ್ರಕಾರ ಸಾಯುತ್ತಿತ್ತು. ಸಂಜೆ ಐದರ ಮೇಲೆ ಅವನು ಆನಂದ್. ಭಾನುವಾರ ಬೆಳಗ್ಗೆಯೂ ಆನಂದ್. ಮಾಲೂರಿನ ಮದುವೆಗೆ ಮನೆಮಂದಿಯೆಲ್ಲ ಹೋಗಿ ಇವನೊಬ್ಬನೇ ಉಳಿದ ಭಾನುವಾರ ಮಾತ್ರ ಮತ್ತೆ ನಮ್ಮವನೇ.

ಹೋದ ವಾರ ಸಂಜೆ ಅವನ ಮನೆಗೆ ಹೋದೆ. ಎಂಟನೇ ಕ್ಲಾಸಿನ ಮಗಳು ಶಾಲೆಯ ಬ್ಯಾಗನ್ನು ಮೂಲೆಗೆಸೆದು, ನನ್ನನ್ನು ನೋಡಿದವಳೇ ಕೇಳಿದಳು:

“ಅಂಕಲ್, ನಿನ್ನೆ ಆ ಕುದುರೇನ ಯಾಕೆ ಮೂಲೆಗೆ ಹಾಕಿದ್ರಿ? ಗೆಲ್ತಾ ಇದ್ರಲ್ಲ!”

ಗೆಳೆಯ ಒಳಗೆ ತಿರುಗಿ, “ಕಾಫಿ ಏನಾಯ್ತು?” ಎಂದು ಕೂಗಿದ, ತೆಲುಗಿನಲ್ಲಿ.