ಹೊರುವ ಸ್ಪೀಕರು

ಸೋದರತ್ತೆ ಮಗಳ ಆರತಕ್ಷತೆಯಲ್ಲಿ ಗಿಟಾರ್ ನುಡಿಸ್ತೀನಿ ಅಂತ ಬಾಯಿ ಬಿಟ್ಟಿದ್ದೇ ತಪ್ಪಾಯಿತು. ಫೋನಿನ ಮೂಲಕ ಮನೆಯ ಬ್ಲೂಟೂತ್ ಸ್ಪೀಕರಿಗೆ ಜೋಡಿಸಿದರೆ, ನಾನು ತಂತಿ ಮೀಟಿ ಕೈ ತೆಗೆದ ಮೇಲೆ ಅದು ಸಾವಕಾಶವಾಗಿ ದನಿ ತೆಗೆಯುತ್ತಿತ್ತು, ಎಲ್ಲರೂ ನಕ್ಕು ಮುಗಿಸಿದ ಮೇಲೆ ನಗುವ ಕಿವುಡಜ್ಜನ ಹಾಗೆ.

ಬೇರೆ ಸ್ಪೀಕರ್ ಹುಡುಕಿಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. "ಎಷ್ಟು ವ್ಯಾಟ್ ಸಾರ್?" ಎಂದ ಅಂಗಡಿಯವ. ನನಗೆ ಗೊತ್ತಿದ್ದದ್ದು ಬಲ್ಬಿನ ವ್ಯಾಟ್ ಮಾತ್ರ; 60 ಅಂದೆ. ಗಿಟಾರಿಗೊಂದು ತೂತು, ಮೈಕಿಗೊಂದು ತೂತು, ಒಳಗೆ ಬ್ಯಾಟರಿ ಇರುವ ಡಬ್ಬಿ ಬಂತು. ಮೇಲೆ 'ಪೋರ್ಟಬಲ್' ಅಂತ ಬರೆದಿತ್ತು. ತೂಕ 11 ಕೆ.ಜಿ. ಗಿಟಾರ್ ಜೋಡಿಸಿಕೊಂಡು ಅದರ ಎದುರೇ ನಿಂತು ವಾಲ್ಯೂಮ್ ತಿರುಗಿಸಿದೆ. ಕುಂಯ್ಯೋ ಎಂದು ಊಳಿಟ್ಟಿತು. "ಪಕ್ಕಕ್ಕೆ ಬನ್ನಿ ಸಾರ್, ಅದರ ಸದ್ದೇ ಗಿಟಾರಿನ ಹೊಟ್ಟೆಗೆ ಹೋಗಿ ವಾಪಸ್ ಬರ್ತಿದೆ." ಬೀದಿನಾಯಿಯೊಂದು ಉತ್ತರ ಕೊಟ್ಟಿತು. ನನ್ನ ಮೊದಲ ಶ್ರೋತೃ!

ಕೊಂಡು ತಂದೆ. "ಛತ್ರಕ್ಕೆ ಇದನ್ನ ಹೊರೋರು ಯಾರು?" ಎಂದಳು ಹೆಂಡತಿ. ಮದುಮಗ ಗಟ್ಟಿಮುಟ್ಟಾಗಿದ್ದಾನೆ, ನೋಡೋಣ.