ಪೋಷಕರ ಗಮನಕ್ಕೆ

ನಮ್ಮೂರ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಪ್ರಕಟಣೆಗಳನ್ನು ಬರೆಯುವವನು ನಾನು. ಇದು ಯಾರೂ ಕೊಟ್ಟ ಹುದ್ದೆಯಲ್ಲ. ಬ್ಯಾಂಕಿನಿಂದ ನಿವೃತ್ತನಾಗಿ ಕುಂದಾಪುರದ ಕಡೆಯ ಈ ಹಳ್ಳಿಗೆ ಮರಳಿದ ಹೊಸತರಲ್ಲಿ ಹಳೆ ವಿದ್ಯಾರ್ಥಿ ಸಂಘದ ಕರಪತ್ರವೊಂದರ ಕಾಗುಣಿತ ತಿದ್ದಿದೆ. ಮರುದಿನದಿಂದಲೇ ಹೆಡ್ಮಾಸ್ಟ್ರು “ಒಂದು ನೋಟೀಸು ಆಗಬೇಕಿತ್ತು” ಎಂದು ಜಗಲಿಯ ಮೇಲೆ ಬಂದು ಕೂರತೊಡಗಿದರು. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ಉದ್ಯೋಗವಿಡೀ ಸಾಲಗಾರರಿಗೆ ನೋಟೀಸು ಬರೆದ ಈ ಕೈಗೆ ಇಷ್ಟು ಸುಖ ಕೊಟ್ಟ ಕೆಲಸ ಇನ್ನೊಂದಿಲ್ಲ. ಸಾಲಗಾರರಿಗೆ ‘ತಪ್ಪಿದಲ್ಲಿ ಕಾನೂನು ಕ್ರಮ’ ಎಂದಷ್ಟೇ ಬರೆಯಬಹುದಿತ್ತು. ಇಲ್ಲಿ ‘ವಿದ್ಯಾಭಿಮಾನಿಗಳು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ, ತನು ಮನ ಧನ ಸಹಾಯವಿತ್ತು’ ಎಂದು ಒಂದೇ ಉಸಿರಿಗೆ ಓಡಿಸಬಹುದು. “ಸಕುಟುಂಬ ಅಂದ ಮೇಲೆ ಸಮೇತ ಯಾಕೆ?” ಎಂದು ನನ್ನ ಹೆಂಡತಿ ಕೇಳುತ್ತಾಳೆ. ಪ್ರಕಟಣೆಯ ಗಾಂಭೀರ್ಯ ಅವಳಿಗೆ ತಿಳಿಯುವುದಿಲ್ಲ. ಅವಳು ಕನ್ನಡ ಟೀಚರಾಗಿದ್ದವಳು.

ನಾನು ಬರೆದದ್ದು ಶಾಲೆಯ ಗೇಟಿನಲ್ಲಿ, ಹಾಲಿನ ಸೊಸೈಟಿಯ ಗೋಡೆಯಲ್ಲಿ, ರೇಷನ್ ಅಂಗಡಿಯ ಬಾಗಿಲಲ್ಲಿ ಅಂಟಿಕೊಳ್ಳುತ್ತದೆ. ವಾಟ್ಸ್‌ಆ್ಯಪ್ ಗುಂಪಿಗೂ ಹೋಗುತ್ತದೆ. ಓದುವವರನ್ನು ಕದ್ದು ನೋಡುವ ಚಟವೂ ನನಗುಂಟು. ಹಾಗೆ ನೋಡಿ ನೋಡಿಯೇ ತಿಳಿಯಿತು, ನಮ್ಮೂರಿನವರು ಪ್ರಕಟಣೆಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಹೆಸರುಗಳಿರುವುದು ಕೆಳಗೆ. ತಮ್ಮ ಹೆಸರು ಸಿಕ್ಕಿದರೆ ಅಲ್ಲಿಂದ ಮೇಲೆ ಹೋಗಿ ವಿಷಯ ಏನೆಂದು ನೋಡುತ್ತಾರೆ. ಸಿಗದಿದ್ದರೆ ಹಾಲಿನ ಕ್ಯಾನು ಎತ್ತಿಕೊಂಡು ನಡೆಯುತ್ತಾರೆ.

ಇದು ಗೊತ್ತಿಲ್ಲದೆ ಸರಕಾರವೇ ಎಡವಿತು. 2022ರ ಅಕ್ಟೋಬರಿನಲ್ಲಿ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು: ಸರಕಾರಿ ಶಾಲೆಗಳ ಎಸ್‌ಡಿಎಂಸಿಯವರು ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಬಹುದು, ಕಡ್ಡಾಯವೇನಲ್ಲ ಎಂದು. ರಾಜ್ಯವಿಡೀ ಗುಲ್ಲೆದ್ದಿತು. ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸಾಯಿತು. ವಾಪಸಾದದ್ದು ಸರಿಯೇ, ಉಚಿತ ಶಿಕ್ಷಣವೆಂದು ಕಾಯಿದೆ ಮಾಡಿದವರು ಸೀಮೆಸುಣ್ಣಕ್ಕೆ ಕೂಲಿಯವನ ಜೇಬು ನೋಡಬಾರದು. ಆದರೆ ನಮ್ಮೂರಲ್ಲಿ ಆ ನೂರು ರೂಪಾಯಿಗೆ ಎಲ್ಲರಿಗಿಂತ ಜೋರಾಗಿ ಕೂಗಾಡಿದವರು ಮುಂದಿನ ತಿಂಗಳೇ ವಾರ್ಷಿಕೋತ್ಸವದ ರಂಗಸ್ಥಳದ ಪರದೆಗೆ 5,001 ಎಣಿಸಿಕೊಟ್ಟರು. ಪರದೆಯ ಮೇಲೆ ಹೆಸರು ಬರೆಯಲು ಜಾಗವಿತ್ತು. ಸುತ್ತೋಲೆಯಲ್ಲಿ ಇರಲಿಲ್ಲ.

ಹೀಗಾಗಿ ಶತಮಾನೋತ್ಸವದ ಮನವಿ ಬರೆಯುವಾಗ ನಾನು ಜಾಣನಾದೆ. ಕೋಣೆಗೊಂದು ಫ್ಯಾನು ಬೇಕಿತ್ತು. ‘ದಾನಿಗಳ ಶುಭನಾಮವನ್ನು ಫ್ಯಾನಿನ ಮೇಲೆ ಅಂದವಾಗಿ ಬರೆಯಿಸಲಾಗುವುದು’ ಎಂದು ಸೇರಿಸಿದೆ. ಬೇಕಾದ್ದಕ್ಕಿಂತ ಹೆಚ್ಚೇ ಫ್ಯಾನು ಬಂದವು. ಎಲ್ಲವೂ ಸುಸೂತ್ರವಾಗುತ್ತಿತ್ತು, ಆ ಮೂವರು ಅಣ್ಣತಮ್ಮಂದಿರು ಸೇರಿ ಒಂದೇ ಫ್ಯಾನು ಕೊಡದೇ ಇದ್ದಿದ್ದರೆ.

ಹಿರಿಯವರದು ಮುಂಬಯಿಯಲ್ಲಿ ಹೋಟೆಲು, ನಡುವಿನವರದು ಬೆಂಗಳೂರಲ್ಲಿ ದರ್ಶಿನಿ, ಕಿರಿಯವರದು ಊರಲ್ಲೇ ಗದ್ದೆ ತೋಟ. ಪಾಲುಪಟ್ಟಿಯ ವಿಷಯದಲ್ಲಿ ಮೂವರೊಳಗೆ ಮಾತು ನಿಂತು ವರ್ಷಗಳಾಗಿದ್ದವು. ಫ್ಯಾನಿನ ದುಡ್ಡನ್ನೂ ಮೂರು ಪ್ರತ್ಯೇಕ ಲಕೋಟೆಯಲ್ಲಿ ಕಳಿಸಿದ್ದರು. ಹೆಸರು ಬರೆಯುವ ಪೇಂಟರು “ಯಾರದ್ದು ಮೇಲೆ, ಯಾರದ್ದು ಕೆಳಗೆ?” ಎಂದು ಕೇಳಿದಾಗ ನನಗೆ ಹೊಳೆಯಿತು: ಫ್ಯಾನಿಗೆ ರೆಕ್ಕೆ ಮೂರು, ಇವರೂ ಮೂವರು. ರೆಕ್ಕೆಗೊಬ್ಬರು. ಮೇಲೂ ಇಲ್ಲ, ಕೆಳಗೂ ಇಲ್ಲ. ಇಷ್ಟು ಚೊಕ್ಕ ಪಾಲು ಕುಂದಾಪುರದ ಕೋರ್ಟಿನಲ್ಲಿ ಯಾವ ವಕೀಲನೂ ಮಾಡಿಸಿಲ್ಲ ಎಂದು ಅಂದು ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಅವಳು ಹುಳಿ ಬಡಿಸಿದಳು.

ಏಪ್ರಿಲ್ ಕೊನೆಯ ಸೆಕೆ. ಏಳನೇ ತರಗತಿಯ ಕೋಣೆಯ ತುಂಬ ಜನ. ಅತಿಥಿಗಳು ಸ್ವಿಚ್ಚು ಒತ್ತಿದರು, ಫ್ಯಾನು ತಿರುಗಿತು, ಚಪ್ಪಾಳೆ ಬಿತ್ತು. ಹಳದಿ ಬಣ್ಣದ ಮೂರು ಹೆಸರುಗಳೂ ಕರಗಿ ಒಂದೇ ಹಳದಿ ಬಳೆಯಾದವು. ಹಿರಿಯವರು ಕತ್ತೆತ್ತಿ ಸ್ವಲ್ಪ ಹೊತ್ತು ನೋಡಿದರು.

“ಹ್ವಾಯ್, ಹೆಸ್ರೇ ಕಾಂತಿಲ್ಲೆ ಮಾರಾಯ್ರೆ!”

ಬಂದ್ ಮಾಡಿದರು. ಫ್ಯಾನು ನಿಲ್ಲುವುದನ್ನು ಅಷ್ಟು ಜನ ಒಟ್ಟಿಗೆ ಕಾದದ್ದನ್ನು ನಾನು ಅದಕ್ಕೆ ಮೊದಲು ಕಂಡಿಲ್ಲ. ಅದು ನಿಧಾನವಾಯಿತು, ಇನ್ನೂ ನಿಧಾನವಾಯಿತು, ಇನ್ನೇನು ನಿಂತಿತು ಎನ್ನುವಾಗ ಒಂದು ಗೇಣು ಜಾರಿ ನಿಂತಿತು. ಬಾಗಿಲಿನ ಎದುರು ನೇರವಾಗಿ ಬಂದದ್ದು ಕಿರಿಯವರ ಹೆಸರು. ಹಿರಿಯವರದು ಕರಿಹಲಗೆಯ ಕಡೆಗೆ ತಲೆಕೆಳಗಾಗಿತ್ತು. ಕಿರಿಯವರು ಏನೂ ಮಾತಾಡಲಿಲ್ಲ, ಮೀಸೆಯಡಿಯಲ್ಲಿ ನಕ್ಕರು. ಅಷ್ಟು ಸಾಕಾಯಿತು.

“ಇನ್ನೊಂದ್ಸಲ ಹಾಕಿ ಕಾಂಬ,” ಎಂದರು ಹಿರಿಯವರು.

ಹಾಕಿದರು. ತೆಗೆದರು. ಈ ಸಲ ನಡುವಿನವರ ಹೆಸರು ಬಾಗಿಲಿಗೆ ಬಂತು. ಅವರು ಮೊಬೈಲು ತೆಗೆದು ಫೋಟೋ ಹೊಡೆದುಕೊಂಡು “ಸಾಕಲ್ದಾ?” ಎಂದರು. ಸಾಕಾಗಲಿಲ್ಲ. ಮತ್ತೆ ಹಾಕಿದರು. ಮತ್ತೆ ಕಿರಿಯವರು. ವೈರಿಂಗ್ ಮಾಡಿದ ಹುಡುಗ ರೆಗ್ಯುಲೇಟರನ್ನು ಮೂರರಲ್ಲಿಟ್ಟು ತೆಗೆದರೆ ಬೇರೆ ಕಡೆ ನಿಲ್ಲುತ್ತದೆಂದು ಸಲಹೆ ಕೊಟ್ಟ. ಗಣಿತದ ಟೀಚರು ಹಿಂದಿನ ಸಾಲಿನ ಮಕ್ಕಳಿಗೆ ಇದಕ್ಕೇ ಸಂಭವನೀಯತೆ ಎನ್ನುವುದು, ಪ್ರತಿ ರೆಕ್ಕೆಗೂ ಮೂರರಲ್ಲಿ ಒಂದು ಎಂದು ಪಿಸುಗುಟ್ಟಿದರು. ಕಿಟಕಿಯಾಚೆ ನಿಂತಿದ್ದ ಹೈದರು ಅದನ್ನು ಅಷ್ಟರಲ್ಲಾಗಲೇ ತಮ್ಮದೇ ರೀತಿಯಲ್ಲಿ ಅರ್ಥಮಾಡಿಕೊಂಡು ಹತ್ತು ರೂಪಾಯಿಯಂತೆ ಪಂಥ ಕಟ್ಟಿದ್ದರು. ಅತಿಥಿಗಳು ಸ್ವಿಚ್ಚಿನ ಬಳಿಯೇ ನಿಂತಿದ್ದರು. ಒತ್ತುವ ಮರ್ಯಾದೆ ತಮ್ಮದೆಂದು ಅವರು ಭಾವಿಸಿದ್ದರು, ಬಿಟ್ಟುಕೊಡಲು ಮನಸ್ಸಿರಲಿಲ್ಲ.

ಕೊನೆಗೆ ಹೆಡ್ಮಾಸ್ಟ್ರು ತೆಂಗಿನಕಾಯಿ ಕೀಳುವ ದೋಟಿ ತರಿಸಿದರು. ಬೆಂಚಿನ ಮೇಲೆ ಹತ್ತಿ, ದೋಟಿಯ ತುದಿಯಿಂದ ರೆಕ್ಕೆಯನ್ನು ನೂಕಿ ನೂಕಿ ಹಿರಿಯವರ ಹೆಸರನ್ನು ಬಾಗಿಲಿನ ಎದುರಿಗೆ ತಂದರು. ಎಲ್ಲರೂ ನಿಟ್ಟುಸಿರು ಬಿಟ್ಟರು. ಆಗ ಹಿರಿಯವರ ಹೆಂಡತಿ ಮೆಲ್ಲಗೆ ಕೇಳಿದರು: “ಮಕ್ಕಳು ಕೂಕಂಬುದು ಆ ಬದಿಗಲ್ದಾ? ಅವ್ರಿಗೆ ತಲೆಕೆಳಗೇ ಕಾಂತಿತ್ತಲೆ?” ಹೆಡ್ಮಾಸ್ಟ್ರು ದೋಟಿ ಹಿಡಿದು ಬೆಂಚಿನ ಮೇಲೆಯೇ ನಿಂತರು. ನನ್ನತ್ತ ನೋಡಿದರು. ನಾನು ಕಿಟಕಿಯತ್ತ ನೋಡಿದೆ. ಎದುರು ಎಂದರೆ ಬಾಗಿಲಿಗೋ, ಬೆಂಚಿಗೋ, ಕರಿಹಲಗೆಗೋ ಎಂಬ ಚರ್ಚೆ ಕಾವೇರಿ ಮೂವರೂ ನೇರಾನೇರ ಜಗಳಕ್ಕೆ ಬಿದ್ದರು. ಫ್ಯಾನಿನಿಂದ ಶುರುವಾದದ್ದು ಮಾವಿನ ಮರದ ಗಡಿಗೆ ಹೋಯಿತು, ಅಲ್ಲಿಂದ ಅಪ್ಪಯ್ಯನ ಉತ್ತರಕ್ರಿಯೆಯ ಖರ್ಚಿಗೆ ಹೋಯಿತು. ಆಗ ಕರೆಂಟು ಹೋಯಿತು. ‘ವರ್ಷಗಳಿಂದ ಮಾತು ಬಿಟ್ಟಿದ್ದ ಸಹೋದರರು ಶಾಲೆಯ ನೆಪದಲ್ಲಿ ಪರಸ್ಪರ ಮಾತಾಡಿದರು’ ಎಂದು ಶತಮಾನೋತ್ಸವದ ವರದಿಯಲ್ಲಿ ನಾನೇ ಬರೆದೆ. ಸುಳ್ಳಲ್ಲ.

ಧನದ ಕತೆ ಇದು. ತನುವಿನದು ಚಿಕ್ಕದು. ಶಾಲೆ ಶುರುವಾಗುವ ಮೊದಲು ಮೇ ತಿಂಗಳಲ್ಲಿ ಶ್ರಮದಾನದ ನೋಟೀಸು ಹೋಗುತ್ತದೆ: ಹಂಚು ಬದಲಿಸಬೇಕು, ಬಾವಿಕಟ್ಟೆ ತೊಳೆಯಬೇಕು, ಅಂಗಳದ ಹುಲ್ಲು ಹೆರೆಯಬೇಕು. ಫೋಟೋ ತೆಗೆಯುವ ಹೊತ್ತಿಗೆ ಎಲ್ಲರೂ ಇರುತ್ತಾರೆ. ಒಂದು ಪಿಕ್ಕಾಸನ್ನು ನಾಲ್ಕು ಜನ ಹಿಡಿದಿರುತ್ತಾರೆ. ಎಸ್‌ಡಿಎಂಸಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕೆಂದು ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಶ್ರಮದಾನದ ದಿನ ಚಹಾ, ಅವಲಕ್ಕಿ ಮಾಡುವಲ್ಲಿ ಪೂರ್ತಿ ಹೆಂಗಸರೇ ಇರುತ್ತಾರೆ, ಹುಲ್ಲು ಹೆರೆಯುವಲ್ಲೂ ಅವರೇ. ಫೋಟೋದಲ್ಲಿ ಮಾತ್ರ ಇರುವುದಿಲ್ಲ.

ಇನ್ನು ಮಕ್ಕಳ ಸುರಕ್ಷತೆಯ ನೋಟೀಸುಗಳು. ನನ್ನ ಕೃತಿಗಳಲ್ಲಿ ಇವಕ್ಕೆ ಓದುಗರು ತೀರ ಕಡಿಮೆ. ಮಕ್ಕಳ ಸಹಾಯವಾಣಿ 1098 ಎಂದು ಗೋಡೆಯ ಮೇಲೆ ಆಳೆತ್ತರ ಬರೆದಿದೆ; ಹಿರಿಯರೊಬ್ಬರು ಅದನ್ನು ಶಾಲೆ ಸ್ಥಾಪನೆಯಾದ ಇಸವಿ ಎಂದುಕೊಂಡು “ಇಷ್ಟು ಹಳೇದಾ!” ಎಂದು ಕೈಮುಗಿದದ್ದುಂಟು. ಈ ಗುಂಪಿನಲ್ಲಿ ಎಲ್ಲರೂ ಓದುವ ಪ್ರಕಟಣೆ ಒಂದೇ, ಮಳೆಯ ರಜೆಯದು. ಇಪ್ಪತ್ತನಾಲ್ಕು ಗಂಟೆಯಲ್ಲಿ 204.4 ಮಿಲಿಮೀಟರು ಮೀರಿ ಮಳೆ ಸುರಿದೀತೆಂದು ಕಂಡರೆ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಡುತ್ತದೆ. ಅಲ್ಲಿಂದ ಊರಿನ ಮಕ್ಕಳೆಲ್ಲ ಜಿಲ್ಲಾಧಿಕಾರಿಗಳ ಆದೇಶಕ್ಕೆ ಮೊಬೈಲು ಹಿಡಿದು ಕೂರುತ್ತಾರೆ. ಮಕ್ಕಳದ್ದು ಬಿಡಿ. ಕಳೆದ ವರ್ಷದ ಆದೇಶದ ತಾರೀಕು ಕತ್ತರಿಸಿ ಗುಂಪಿಗೆ ಹಾಕುವ ದೊಡ್ಡವರಿದ್ದಾರಲ್ಲ, ಅವರನ್ನು ಕಂಡರೆ ನನಗಾಗದು. ಅದನ್ನು ನಂಬಿ ಮನೆಯಲ್ಲಿ ಉಳಿದ ಮಕ್ಕಳೂ ಇದ್ದಾರೆ. ಅದು ಸುಳ್ಳೆಂದು ತಿಳಿದು, ನಿಜವಾದ ಆದೇಶ ಬಂದ ದಿನ ಅದನ್ನೂ ಸುಳ್ಳೆಂದು ತಳ್ಳಿ ಮಳೆಯಲ್ಲಿ ಶಾಲೆಗೆ ಹೊರಟ ಮಕ್ಕಳೂ ಇದ್ದಾರೆ.

ಹೊರಟವರು ತೋಡು ದಾಟಬೇಕು. ನಮ್ಮಲ್ಲಿ ಅದರ ಮೇಲಿರುವುದು ಕಾಲುಸಂಕ: ಅಡಿಕೆ ಮರದ ದಬ್ಬೆಗಳನ್ನು ಜೋಡಿಸಿ ಕಟ್ಟಿದ್ದು, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರು. ಜುಲೈ ಹೊತ್ತಿಗೆ ಪಾಚಿ ಕಟ್ಟುತ್ತದೆ. 2022ರ ಆಗಸ್ಟಿನಲ್ಲಿ ಇಲ್ಲೇ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳು ಶಾಲೆ ಬಿಟ್ಟು ಮನೆಗೆ ಮರಳುವಾಗ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಆ ವಾರ ನಾನು ‘ಸಕುಟುಂಬ ಸಪರಿವಾರ’ಗಳನ್ನೆಲ್ಲ ಬಿಟ್ಟು ನಾಲ್ಕೇ ಸಾಲು ಬರೆದೆ: ಮಳೆಗಾಲ ಮುಗಿಯುವವರೆಗೆ ಬೆಳಿಗ್ಗೆ ಮತ್ತು ಸಂಜೆ ಸಂಕದ ಬಳಿ ಇಬ್ಬರು ದೊಡ್ಡವರು ನಿಲ್ಲಬೇಕು, ಇಚ್ಛೆಯುಳ್ಳವರು ಹೆಸರು ಕೊಡಿ. ನಾನು ಬರೆದುದರಲ್ಲಿ ಒಳ್ಳೆಯದು ಅದೇ. ಹೆಂಡತಿಯೂ ತಿದ್ದಲಿಲ್ಲ. ಯಾರೂ ಹೆಸರು ಕೊಡಲಿಲ್ಲ. ಬಿಸಿಯೂಟದ ಅಕ್ಕ ಮಾತ್ರ ತೋಡಿನಾಚೆಯಿಂದ ಬರುವವರು, ಒಲೆ ಹಚ್ಚಿಟ್ಟು ಮತ್ತೆ ಸಂಕಕ್ಕೆ ಹೋಗಿ ಮಕ್ಕಳ ಕೈಹಿಡಿದು ದಾಟಿಸತೊಡಗಿದರು. ಅವರು ನೋಟೀಸು ಓದಿರಲಿಲ್ಲ.

ಶಾಲೆಗೆ ಹೋಗುವ ದಾರಿಯ ತೋಡುಗಳಿಗೆ ಸೇತುವೆ ಕಟ್ಟಲು ‘ಶಾಲಾ ಸಂಪರ್ಕ ಸೇತು’ ಎಂಬ ಸರಕಾರಿ ಯೋಜನೆಯೇ ಇದೆ. ನಾವೂ ಅರ್ಜಿ ಹಾಕಿದ್ದೇವೆ. ಅದು ಬರುವವರೆಗೆ ದಬ್ಬೆ ತೆಗೆದು ಗಟ್ಟಿ ಮರದ ಹಲಗೆ ಹಾಕೋಣವೆಂದು ಸಮಿತಿ ನಿಶ್ಚಯಿಸಿದಾಗ ನನ್ನೊಳಗಿನ ಫ್ಯಾನು ಮತ್ತೆ ತಿರುಗಿತು. ‘ಪ್ರತಿ ಹಲಗೆಯ ಮೇಲೆ ದಾನಿಗಳ ಹೆಸರು ಕೊರೆಯಿಸಲಾಗುವುದು’ ಎಂದು ಬರೆದೆ. ಬೆಳಗಾಗುವಷ್ಟರಲ್ಲಿ ಜಗಲಿಯಲ್ಲಿ ಜನ. ದುಡ್ಡು ಕೊಡಲು ಬಂದವರಲ್ಲ, ಜಗಳಕ್ಕೆ ಬಂದವರು.

“ಅಪ್ಪಯ್ಯನ ಹೆಸ್ರ್ ಮೇಲೆ ಮಕ್ಕಳ್ ಕಾಲ್ ಇಡುದಾ? ಎಂಥ ಬರೂದ್ ಮಾರಾಯ್ರೆ ನೀವು?”

ಕಾಲಿಡುವ ಜಾಗ ಬೇಡ, ಕೈಯಿಡುವ ಜಾಗವಾದರೆ ಆದೀತು ಎಂದು ತೀರ್ಮಾನವಾಯಿತು. ವಾರದೊಳಗೆ ಸಂಕದ ಎರಡೂ ಬದಿಗೆ ಕಬ್ಬಿಣದ ಕಂಬಿಗಳಿಗೆ ದುಡ್ಡು ಕೂಡಿತು. ಆ ಮೂವರು ಅಣ್ಣತಮ್ಮಂದಿರೂ ಕೊಟ್ಟರು. ಈ ಸಲ ಬೇರೆ ಬೇರೆ ಕಂಬಿ, ಉದ್ದ ಮಾತ್ರ ಒಂದೇ ಇರಬೇಕೆಂದು ಟೇಪು ಹಿಡಿದು ಅಳೆಸಿದರು. ಈಗ ಮಕ್ಕಳು ಊರಿನ ಗಣ್ಯರ ಹೆಸರುಗಳನ್ನು ಒಂದೊಂದಾಗಿ ಹಿಡಿದುಕೊಂಡೇ ತೋಡು ದಾಟುತ್ತಾರೆ. ಕಂಬಿ ಗಟ್ಟಿಯಾಗಿದೆ, ನಾನೇ ಜೋತುಬಿದ್ದು ನೋಡಿದ್ದೇನೆ.

ಹಲಗೆಗೆ ಮಾತ್ರ ಇನ್ನೂ ದಾನಿಗಳಿಲ್ಲ. ಕೆಳಗಿರುವುದು ಅದೇ ಹಳೆ ದಬ್ಬೆ, ಅದೇ ಪಾಚಿ. ಆದ್ದರಿಂದ ಇದನ್ನು ಇಲ್ಲಿಯವರೆಗೆ ಓದಿದ ಊರವರಲ್ಲಿ ಒಂದು ವಿನಂತಿ: ಮಳೆ ಹಿಡಿಯುವ ಮೊದಲು ಹಲಗೆ ಬೇಕು, ಹೆಸರು ಕೊರೆಯಿಸುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೂ ಸಂಜೆ ನಾಲ್ಕಕ್ಕೂ ಸಂಕದ ಹತ್ತಿರ ಇಬ್ಬರು ಬೇಕು. ಫೋಟೋ ಇಲ್ಲ, ಶಾಲೂ ಇಲ್ಲ. ಕೊಡೆ ನೀವೇ ತರಬೇಕು. ಬಿಸಿಯೂಟದ ಅಕ್ಕನಿಗೆ ಒಲೆ ನೋಡಿಕೊಳ್ಳಲು ಬಿಡುವಾಗಲಿ.